ಲಿಫ್ಟಿನಲ್ಲಿ ಹಾಕುವ ಹಾಡು

ರೇಡಿಯೋದವರು ನನ್ನನ್ನೂ ನನ್ನ ಅಣ್ಣನನ್ನೂ ಒಂದೇ ಮೇಜಿನ ಎದುರುಬದುರು ಕೂರಿಸಿದ್ದು ಜಗಳ ನೋಡುವ ಆಸೆಗೇ ಹೊರತು ಸಂಗೀತದ ಮೇಲಿನ ಪ್ರೀತಿಗಲ್ಲ. ಚರ್ಚೆಯ ವಿಷಯ, "ವಯಸ್ಸಾದ ರಾಕ್ ತಾರೆಯರ ಕೊನೆಗಾಲದ ಹಿಟ್ ಹಾಡುಗಳು: ಮಾಗಿದ್ದೋ, ಕೊಳೆತದ್ದೋ?" ಕಾರ್ಯಕ್ರಮ ನಡೆಸುವ ವಿಮರ್ಶಕನಿಗೆ ಹೆಚ್ಚೆಂದರೆ ನನ್ನ ಮಗನ ವಯಸ್ಸು. ಮಾಗಿದೆಯೋ ಕೊಳೆತಿದೆಯೋ ತಿಳಿಯಬೇಕಾದರೆ ಮೊದಲು ಕಚ್ಚಿ ನೋಡಬೇಕಪ್ಪಾ ಎನ್ನೋಣವೆಂದುಕೊಂಡೆ. ಆದರೆ ಮೈಕು ಇನ್ನೂ ಆನ್ ಆಗಿರಲಿಲ್ಲ. ಒಳ್ಳೆಯ ಮಾತನ್ನು ಸುಮ್ಮನೆ ಏಕೆ ದಂಡ ಮಾಡುವುದು ಎಂದು ನುಂಗಿಕೊಂಡೆ.

ನಮ್ಮದು ನಾಲ್ಕು ಜನರ ಬ್ಯಾಂಡು. ಅಣ್ಣನದು ಗಿಟಾರ್, ನನ್ನದು ಡ್ರಮ್ಸ್. ಹೊಟ್ಟೆಪಾಡಿಗೆ ನಾನು ಶಾಲೆಯ ಬಸ್ಸು ಓಡಿಸಿದವಳು. ಎರಡೂ ಕೆಲಸದಲ್ಲಿ ಕೈಗೊಂದು ದಾರಿ, ಕಾಲಿಗೊಂದು ದಾರಿ, ಸುತ್ತಲಿನವರ ಗಲಾಟೆ ಬೇರೆ. ಜನ ನನ್ನನ್ನು ಗುಡುಗು ಎನ್ನುತ್ತಾರೆ, ಡ್ರಮ್ಮಿನಿಂದಾಗಿ ಎಂದು ನಾನು ನಂಬಿದ್ದೇನೆ. ಹಾಡುವವನ ಅಡ್ಡಹೆಸರು ಗಂಟಲು. ಹಗಲು ಕನ್ನಡಕದ ಅಂಗಡಿಯಲ್ಲಿ ಕೂರುತ್ತಾನೆ. ಬೇಸ್ ಗಿಟಾರಿನವನು ಮೌನಿ. ಸೋಫಾ ಹೊಲಿಯುವ ಕಸುಬು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುವುದು ನಿಜವಾಗಿದ್ದರೆ ಅವನು ಇಷ್ಟು ಹೊತ್ತಿಗೆ ಅರಮನೆ ಕಟ್ಟಿಸಿರಬೇಕಿತ್ತು.

ಮೈಕು ಆನ್ ಆಯಿತು.

"ಸರ್, ನಿಮ್ಮ ಬ್ಯಾಂಡ್ ಶುರುವಾಗಿದ್ದು 'ಗೋಡೆ ಬೀಳಲಿ' ಅನ್ನೋ ಹಾಡಿಂದ. ಕೊನೆಗೆ ಬಂದು ನಿಂತಿದ್ದು 'ಬಾಗಿಲು ತೆಗೆದಿದೆ' ಅನ್ನೋದರಲ್ಲಿ. ಹಾಸಿಗೆ ಜಾಹೀರಾತಲ್ಲಿ ಬಂತು, ಮಾಲ್‌ಗಳಲ್ಲಿ ಬಂತು. ಇದನ್ನ ಹೇಗೆ ನೋಡ್ತೀರಿ?"

ಅಣ್ಣ ಮೈಕಿನತ್ತ ಬಗ್ಗಿದ. "ನಾನು ಆ ಹಾಡಲ್ಲಿ ಇಲ್ಲ. ಅದು ಬಂದಾಗ ನಾನು ಬ್ಯಾಂಡಲ್ಲೇ ಇರಲಿಲ್ಲ, ದಯವಿಟ್ಟು ಇದನ್ನ ಎಲ್ಲರೂ ನೆನಪಿಟ್ಕೊಳ್ಳಿ. ಅದು ಲಿಫ್ಟಲ್ಲಿ ಹಾಕೋ ಹಾಡು. ವಯಸ್ಸಾದಮೇಲೆ ಮನುಷ್ಯ ಮೆತ್ತಗಾಗ್ತಾನೆ, ತಪ್ಪಲ್ಲ. ಆದರೆ ಮೆತ್ತಗಾಗಿದ್ದನ್ನ ಮಾರಬಾರದು."

"ಮತ್ತೆ ಹಾಸಿಗೇನ ಗಟ್ಟಿ ಮಾಡಿ ಮಾರಬೇಕಿತ್ತಾ?" ಎಂದೆ.

ವಿಮರ್ಶಕ ನಕ್ಕ. ಅಣ್ಣ ನಗಲಿಲ್ಲ.

"ಮೇಡಂ, ಆ ಹಾಡು ಬರೆದಿದ್ದು ನೀವೇ. ಬಂಡಾಯ ಬಿಟ್ಟು ಸುಲಭದ ದಾರಿ ಹಿಡಿದ್ರಿ ಅಂತ ಅಭಿಮಾನಿಗಳಿಗೆ ಬೇಜಾರಿದೆ."

"ನೋಡಪ್ಪಾ, ಇಪ್ಪತ್ತರಲ್ಲಿ ಗೋಡೆ ಬೀಳಲಿ ಅಂತ ಕೂಗೋದು ಸುಲಭ. ಯಾಕೆ ಹೇಳು? ಗೋಡೆ ಅಪ್ಪಂದು. ಐವತ್ತರ ಹತ್ತಿರ ಬಂದು, ಜಗಳ ಆಡಿ ಎದ್ದು ಹೋದವರನ್ನ ಬಾ ಅಂತ ಕರೆಯೋದಿದೆಯಲ್ಲ, ಅದು ಕಷ್ಟ. ನಾಲಿಗೇನೇ ಹೊರಳಲ್ಲ. ನನ್ನ ಬಸ್ಸಲ್ಲಿ ಮಕ್ಕಳು ಆ ಹಾಡು ಹೇಳ್ತಿದ್ವು. ಹೆಂಗಸರು ಗಂಡಸರು ಪಾತ್ರೆ ತೊಳೀತಾ ಹೇಳ್ತಾರೆ. ನಮ್ಮಣ್ಣನ 'ಗೋಡೆ ಬೀಳಲಿ' ಹಾಡ್ಕೊಂಡು ಪಾತ್ರೆ ತೊಳೆದು ನೋಡು, ಒಂದು ಲೋಟ ಉಳಿಯಲ್ಲ."

"ಅಂದ್ರೆ ಎಲ್ಲರಿಗೂ ಇಷ್ಟವಾದದ್ದೆಲ್ಲ ಒಳ್ಳೇದಾ?"

"ಅಲ್ಲ. ಅದಾದಮೇಲೆ ಅದೇ ಧಾಟಿಯಲ್ಲಿ ಇನ್ನೊಂದಿಷ್ಟು ಮಾಡಿದ್ವಿ, ಅವು ಶುದ್ಧ ಕಸ. ಒಪ್ಕೋತೀನಿ. ಆದರೆ ಎಲ್ಲರಿಗೂ ಇಷ್ಟ ಆಯ್ತು ಅನ್ನೋ ಒಂದೇ ಕಾರಣಕ್ಕೆ ಅದು ಕೆಟ್ಟದ್ದು ಅನ್ನೋರಿದಾರಲ್ಲ, ಅವರಿಗೆ ಹಾಡು ಬೇಡ, ಬೇಲಿ ಬೇಕು. ನಾವು ನಾಲ್ಕು ಜನ ಒಳಗೆ, ಮಿಕ್ಕವರೆಲ್ಲ ಹೊರಗೆ."

ವಿಮರ್ಶಕ ಕಾಗದ ತಿರುವಿದ. "ಆದರೆ ಮೇಡಂ, ಹಾಡಿನ ನಡುವೆ ತಾಳದ ಎಂಟು ಸುತ್ತು ಏನೂ ಇಲ್ಲ. ಬರೀ ಡ್ರಮ್ಮು ಟಿಕ್ ಟಿಕ್ ಅಂತಿರುತ್ತೆ. ಸರಕು ಮುಗಿದುಹೋಯ್ತಾ ಅಂತ ಕೇಳ್ತಾರೆ."

ಅಣ್ಣ ತಲೆ ಎತ್ತಿ ನೋಡಿದ.  ನಾನು ಉತ್ತರ ಕೊಡದೆ ಬಿಟ್ಟ ಪ್ರಶ್ನೆ ಅದೊಂದೇ.

ಓದುವವರಿಗೆ ಹೇಳಿಬಿಡುತ್ತೇನೆ. ಆ ಎಂಟು ಸುತ್ತು ಅಣ್ಣನದು. ಅವನು ಬ್ಯಾಂಡ್ ಬಿಟ್ಟು ಹೋದದ್ದು ನನ್ನ ಜೊತೆ ಜಗಳವಾಡಿ. ನೀನು ತಾಳಕ್ಕಿಂತ ಮುಂದೆ ಓಡುತ್ತೀಯ ಎಂದೆ, ನೀನು ಕಾಲೆಳೆಯುತ್ತೀಯ ಎಂದ. ಗಿಟಾರನ್ನು ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬಂದೀತೇ ಎನ್ನುತ್ತಾರೆ. ಬರುತ್ತದೆಯೋ ಏನೋ ನೋಡೋಣವೆಂದು ನಾನು ಹಾಡು ಬರೆದೆ. "ಬಾಗಿಲು ತೆಗೆದಿದೆ, ಬೈದು ಮುಗಿದಿದೆ, ಬಾ." ನಡುವೆ ಗಿಟಾರ್ ಬರಬೇಕಾದ ಜಾಗವನ್ನು ಖಾಲಿ ಬಿಟ್ಟೆ. ಇಲ್ಲಿ ತಂತಿ ಮುಟ್ಟಬೇಡ ಎಂದು ಮೌನಿಗೆ ಹೇಳಿದೆ. ಏಕೆ ಎಂದು ಅವನು ಕೇಳಲಿಲ್ಲ, ಅವನಿಗೆ ಗೊತ್ತಾಗಿತ್ತು.

ಹಾಡು ಊರೆಲ್ಲ ಹಬ್ಬಿದ ಮೇಲೆ ಒಂದು ದಿನ ಅಣ್ಣ ಗಿಟಾರ್ ಹೊತ್ತು ಬಂದ, ಶ್ರುತಿ ಮಾಡಿಕೊಂಡು ಕೂತ. ನನ್ನ ಹಾಡು ಕೇಳಿಯೇ ಬಂದ ಎಂದುಕೊಂಡು ಆ ದಿನ ನಾನು ಮನೆಗೆ ಹೋಗಿ ಬಚ್ಚಲಲ್ಲಿ ನಲ್ಲಿ ತಿರುಗಿಸಿ ಅತ್ತೆ. ಆದರೆ ಮುಂದಿನ ಕಾರ್ಯಕ್ರಮಕ್ಕೆ ಆ ಹಾಡಿನ ಹೆಸರು ಬಂದಾಗ ಅವನು ಗಿಟಾರನ್ನು ಮಗುಚಿ ನೆಲದ ಮೇಲಿಟ್ಟ.

ಅದು ನಮ್ಮ ಬ್ಯಾಂಡಿನ ಕಟ್ಟಳೆ. ಒಂದೊಂದೇ ಹಾಡಿನ ಹೆಸರು ಹೇಳುತ್ತೇವೆ. ಬೇಡವೆನ್ನುವವರು ವಾದ್ಯ ಮಗುಚಿಡಬೇಕು. ನಾನಾದರೆ ಕಡ್ಡಿಗಳನ್ನು ನೆಲಕ್ಕಿಡುತ್ತೇನೆ, ಗಂಟಲು ಬಾಯಿ ಮುಚ್ಚಿಕೊಳ್ಳುತ್ತಾನೆ. ಒಬ್ಬರು ಬೇಡವೆಂದರೂ ಹಾಡು ಹೋಯಿತು. ಕಾರಣ ಕೇಳುವಂತಿಲ್ಲ. ಹುಡುಗರಾಗಿದ್ದಾಗ ಅಣ್ಣನೇ ಮಾಡಿದ ನಿಯಮ. ಹೀಗಾಗಿ ಜನ ಎಲ್ಲೆಂದರಲ್ಲಿ ಗುನುಗುವ ಆ ಹಾಡನ್ನು ನಾವು ವೇದಿಕೆಯ ಮೇಲೆ ಒಮ್ಮೆಯೂ ನುಡಿಸಿಲ್ಲ. ಕರೆದ ಮನೆಗೆ ಬಂದು ಹೊಸ್ತಿಲಿಗೆ ಒದ್ದ ಹಾಗಾಗಿತ್ತು ನನಗೆ. ನಾನೂ ಕೇಳಲಿಲ್ಲ. ಅವನಿಗೆ ಮೂಗಿನ ತುದಿಯಲ್ಲಿ ಕೋಪವಿದ್ದರೆ ನನ್ನದೇನು ಮೊಂಡು ಮೂಗೇ?

ಆದರೆ ಈ ಸಲ ಬಿಡುವಂತಿರಲಿಲ್ಲ. ಗಂಟಲಿನ ಗಂಟಲಿಗೆ ಆಪರೇಷನ್ ಎಂದು ಡಾಕ್ಟರು ಹೇಳಿಯಾಗಿತ್ತು. ಆಮೇಲೆ ಮಾತು ಉಳಿಯುತ್ತದೆ, ಹಾಡು ಉಳಿಯುವುದಿಲ್ಲ. ಬರುವ ಶನಿವಾರದ ಕಾರ್ಯಕ್ರಮವೇ ಕೊನೆಯದು. ಅಂದು ಬಿಟ್ಟರೆ ನನ್ನ ಹಾಡು ಲಿಫ್ಟಿನಲ್ಲೇ ಹುಟ್ಟಿ ಲಿಫ್ಟಿನಲ್ಲೇ ಸಾಯುತ್ತದೆ.

ಮೌನಿಯ ಸೋಫಾ ಅಂಗಡಿಯ ಹಿಂದಿನ ಕೋಣೆ ನಮ್ಮ ಅಭ್ಯಾಸದ ಜಾಗ. ಗೋಡೆಯುದ್ದಕ್ಕೂ ಸ್ಪಂಜಿನ ಸುರುಳಿಗಳು, ನೆಲದ ಮೇಲೆ ರೆಕ್ಸಿನ್ ಚೂರು. ಎಷ್ಟು ಬಡಿದರೂ ಸದ್ದು ಹೊರಗೆ ಹೋಗದು. ಬೈಗುಳವೂ ಹೋಗದು. ಸೋಫಾದ ಮೊಳೆ ಚುಚ್ಚೀತೆಂದು ನೋಡಿ ನೋಡಿ ಕೂರಬೇಕು. ಅಂದು ಎಲ್ಲರೂ ಅರೆಬರೆ ಸೋಫಾಗಳ ಮೇಲೆ ಕೂತೆವು. ನಾನೇ ಮೊದಲು ಬಾಯಿ ತೆಗೆದೆ.

"ಬಾಗಿಲು ತೆಗೆದಿದೆ."

ಅಣ್ಣ ನನ್ನ ಮುಖವನ್ನೂ ನೋಡದೆ ಗಿಟಾರನ್ನು ಮಗುಚಿಟ್ಟ.

"ಸರಿ," ಎಂದೆ. "ಮುಂದಿನದು ಹೇಳು."

"ಗೋಡೆ ಬೀಳಲಿ," ಎಂದ.

ನಾನು ಕಡ್ಡಿಗಳನ್ನು ನೆಲಕ್ಕಿಟ್ಟೆ. ಅಣ್ಣನ ಹುಬ್ಬು ಮೇಲೆ ಹೋಯಿತು. ಆ ಹಾಡಿಲ್ಲದೆ ನಾವು ಎಂದೂ ವೇದಿಕೆ ಹತ್ತಿದವರಲ್ಲ.

"ಕಬ್ಬಿಣದ ನಾಯಿ."

ಕಡ್ಡಿ ನೆಲದಲ್ಲೇ ಇತ್ತು. ಅವನು ಹೇಳುತ್ತಾ ಹೋದ. ನಾನು ಕೈ ಕಟ್ಟಿ ಕೂತೆ. ಅವನ ಹಾಡು ಒಂದೂ ಉಳಿಯಲಿಲ್ಲ.

"ಹಂಗಾದ್ರೆ ನಾನೇನು ಶನಿವಾರ ಭಾಷಣ ಮಾಡ್ಲಾ?" ಎಂದ ಗಂಟಲು. ಧ್ವನಿ ಆಗಲೇ ಗರಗಸದಂತಾಗಿತ್ತು.

ನಾನೆಂದೆ, "ನಮ್ಮಣ್ಣನ್ನ ಕೇಳು. ನಿಯಮ ಅವಂದು."

ಅಣ್ಣ ಎದ್ದು ನಿಂತ. "ಇದು ಹಟ."

"ಹೌದು, ಹಟಾನೇ. ನಿನ್ನದಾದ್ರೆ ಸಿದ್ಧಾಂತ, ನನ್ನದಾದ್ರೆ ಹಟ, ಅಲ್ವಾ? ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನೀನಿಲ್ಲದೆ ಆ ಹಾಡು ಗೆದ್ದಿತು. ಅದಕ್ಕೇ ಅದು ಲಿಫ್ಟಿನ ಹಾಡು."

"ಹೌದು ಕಣೇ!" ಅಣ್ಣ ಕೂಗಿದ. ಸ್ಪಂಜು ಅದನ್ನೂ ನುಂಗಿತು. "ಹೌದು! ಆ ಹಾಡಲ್ಲಿ ನಾನು ಎಲ್ಲಿ ನಿಂತ್ಕೊಳ್ಳಲಿ? ಗಿಟಾರ್‌ಗೆ ಜಾಗಾನೇ ಇಲ್ಲ ಅದರಲ್ಲಿ. ನಾನು ಹೋಗಿದ್ದೇ ತಡ, ನೀವು ಕುರ್ಚೀನೂ ಎತ್ತಿಟ್ಟುಬಿಟ್ರಿ!"

 ಆಗ ಮೂಲೆಯಿಂದ ಒಂದು ದನಿ ಬಂತು. ಯಾರದೆಂದು ತಿಳಿಯಲು ಒಂದು ಗಳಿಗೆ ಹಿಡಿಯಿತು.

"ಪೂರ್ತಿ ಕೇಳಿದೀಯಾ ನೀನು ಅದನ್ನ?" ಮೌನಿ ಕೇಳಿದ.

ಅಣ್ಣ ಅವನತ್ತ ತಿರುಗಿದ. "ಜಾಹೀರಾತಲ್ಲಿ ಕೇಳಿದೀನಿ."

"ಜಾಹೀರಾತಲ್ಲಿ ನಡುವಿಂದು ಕತ್ತರಿಸಿದಾರೆ."

"ಶುರುವಾದ ತಕ್ಷಣ ಆರಿಸಿಬಿಡ್ತೀನಿ. ಕೇಳಕ್ಕಾಗಲ್ಲ ನನಗೆ."

ಇಷ್ಟು ವರ್ಷ! ಮಾಲಿನಲ್ಲಿ, ಮದುವೆಯಲ್ಲಿ, ಹಲ್ಲಿನ ಡಾಕ್ಟರ ಹತ್ತಿರ ಬಾಯಿ ತೆರೆದುಕೊಂಡು ಕೂತವರೂ ಆ ಹಾಡನ್ನು ಪೂರ್ತಿ ಕೇಳಿದ್ದಾರೆ. ಯಾರಿಗಾಗಿ ಬರೆದೆನೋ ಅವನೊಬ್ಬನೇ ಕೇಳಿಲ್ಲ. ಕೇಳದೆಯೇ ರೇಡಿಯೋದಲ್ಲಿ ಕೂತು ತೀರ್ಪು ಕೊಟ್ಟು ಬಂದಿದ್ದಾನೆ. ಕೇಳಿಯೇ ಬಂದ ಎಂದು ನಲ್ಲಿ ಬಿಟ್ಟು ಅತ್ತವಳು ನಾನು! ನನಗೆ ನಗುವೂ ಬಂತು, ಅವನ ತಲೆಗೆ ಒಂದು ಮೊಟಕಬೇಕೆಂಬ ಆಸೆಯೂ ಬಂತು.

"ಮತ್ತೆ ಯಾಕೆ ವಾಪಸ್ ಬಂದೆ?" ಎಂದೆ.

"ಕೈ ಸುಮ್ನಿರಲಿಲ್ಲ. ನೀನು ಕರೀಲೂ ಇಲ್ಲ. ನಾನೇ ನಾಚಿಕೆ ಬಿಟ್ಟು ಬಂದೆ."

ಮೌನಿ ಕಪಾಟಿನಿಂದ ಹಳೆಯ ಪ್ಲೇಯರ್ ತೆಗೆಯಲು ಹೋದ. ನಾನು ತಡೆದೆ.

"ಬೇಡ. ಈಗ ಕೇಳಿಸಲ್ಲ. ಬೇಕಿದ್ರೆ ಲಿಫ್ಟಿಗೆ ಹೋಗಿ ಕೇಳ್ಕೊಳ್ಳಲಿ. ಇಲ್ಲಾಂದ್ರೆ ಶನಿವಾರ ನನ್ನ ಪಕ್ಕ ನಿಂತು ಕೇಳಲಿ. ಕಡ್ಡಿ ಎತ್ಕೊಳ್ಳಲಾ ಬೇಡವಾ, ಅಷ್ಟು ಹೇಳು."

 ಅಣ್ಣ ಬಗ್ಗಿ ಗಿಟಾರನ್ನು ಎತ್ತಿ ನೆಟ್ಟಗೆ ತೊಡೆಯ ಮೇಲಿಟ್ಟುಕೊಂಡ. "ನಿಂತ್ಕೋತೀನಿ. ನುಡಿಸಲ್ಲ."

"ನುಡಿಸು ಅಂತ ಯಾರು ಕಾಲು ಹಿಡಿದಿದಾರೆ?" ಎಂದು ನಾನು ಕಡ್ಡಿ ಎತ್ತಿಕೊಂಡೆ.

ಶನಿವಾರ ಸಂಜೆ ಸಭಾಂಗಣ ತುಂಬಿತ್ತು. ಮುಂದಿನ ಸಾಲುಗಳಲ್ಲಿ ಹಳೆಯ ಅಭಿಮಾನಿಗಳು, ಕಪ್ಪು ಟೀ ಶರ್ಟಿನೊಳಗೆ ಹೊಟ್ಟೆ ತುರುಕಿಕೊಂಡು ಬಂದವರು. ಹಳೇ ಗಂಡನ ಪಾದವೇ ಗತಿ ಎಂಬಂತೆ ಹಳೆಯ ಹಾಡೇ ಬೇಕೆಂದು ಕೂಗಿದರು, ಕೊಟ್ಟೆವು. "ಗೋಡೆ ಬೀಳಲಿ" ಬಂದಾಗ ಎತ್ತರದ ಸ್ವರಕ್ಕೆ ಗಂಟಲಿನ ದನಿ ಹತ್ತಲಿಲ್ಲ. ಜನವೇ ಕೂಗಿ ಮುಚ್ಚಿಹಾಕಿದರು. ಅಣ್ಣ ಅದ್ಭುತವಾಗಿ ನುಡಿಸಿದ, ಅದನ್ನು ಇಲ್ಲವೆಂದರೆ ನಾಲಿಗೆ ಬಿದ್ದುಹೋದೀತು. ಎಂದಿನಂತೆ ತಾಳಕ್ಕಿಂತ ಮುಂದೆಯೂ ಓಡಿದ.

ಕೊನೆಗೆ ನಾನು ಮೆಲ್ಲಗೆ "ಬಾಗಿಲು ತೆಗೆದಿದೆ" ಶುರು ಮಾಡಿದೆ. ಮುಂದಿನ ಸಾಲಿನಲ್ಲಿ ಯಾರೋ "ಥೂ" ಎಂದರು. ಹಿಂದಿನ ಸಾಲುಗಳಲ್ಲಿ, ಅವರ ಜೊತೆ ಬಂದಿದ್ದ ಹೆಂಡತಿಯರು, ಮಕ್ಕಳು, ಅಳಿಯಂದಿರು ಎದ್ದು ನಿಂತರು. ಗಂಟಲು ಹಾಡಿದ. ಆ ಹಾಡಿಗೆ ಕೂಗುವ ಹಂಗಿಲ್ಲ. ಉಳಿದಿದ್ದಷ್ಟು ದನಿ ಅದಕ್ಕೆ ಸಾಕಾಯಿತು, ಒಡಕೂ ಅದಕ್ಕೆ ಹೊಂದಿತು. ಇದನ್ನೇ ನಾನು ರೇಡಿಯೋದಲ್ಲಿ ಹೇಳಬೇಕಿತ್ತು. ಮುದಿತನದಲ್ಲೂ ಹಾಡಲು ಬರುವ ಹಾಡನ್ನು ಮುದುಕರು ಬರೆಯದೆ ಇನ್ನಾರು ಬರೆಯಬೇಕು?

ಎಂಟು ಸುತ್ತಿನ ಜಾಗ ಬಂತು. ಗಂಟಲು ನಿಲ್ಲಿಸಿದ. ಮೌನಿ ತಂತಿಗಳ ಮೇಲೆ ಅಂಗೈ ಒತ್ತಿ ಹಿಡಿದ. ಡ್ರಮ್ಮು ಮಾತ್ರ ಉಳಿಯಿತು. ಅಣ್ಣ ಜನರತ್ತ ಮುಖ ಮಾಡಿ, ಕೈ ಇಳಿಬಿಟ್ಟು ನಿಂತಿದ್ದ. ಒಂದೆರಡು ಸುತ್ತಾದ ಮೇಲೆ ಅವನ ಬೆನ್ನು ಸ್ವಲ್ಪ ಸೆಟೆಯಿತು. ಎಂಟೂ ಮುಗಿಯಿತು. ಗಂಟಲು ಹಾಡಿನ ಮುಂದಿನ ಸಾಲಿಗೆ ಉಸಿರೆಳೆದುಕೊಂಡ. ನಾನು ಬೇಡವೆಂದು ತಲೆಯಾಡಿಸಿ ಆ ಎಂಟು ಸುತ್ತನ್ನೇ ಮತ್ತೆ ಮೊದಲಿನಿಂದ ಶುರು ಮಾಡಿದೆ.

ಅಣ್ಣ ನನ್ನತ್ತ ತಿರುಗಿ, ಏನು ಎಂಬಂತೆ ನೋಡಿದ. ಕಣ್ಣು ನೋಡಿದರೆ ಅವನಿಗೆ ಆಗಲೇ ಅರ್ಧ ಗೊತ್ತಾಗಿದ್ದಂತಿತ್ತು.

"ಇದು ನಿನ್ನ ಜಾಗ ಕಣೋ!" ಎಂದು ಡ್ರಮ್ಮಿನ ಮೇಲಿಂದ ಕೂಗಿದೆ. "ಕುರ್ಚಿ ಯಾರೂ ಎತ್ತಿಟ್ಟಿಲ್ಲ! ಅವತ್ತಿಂದ ಖಾಲಿ ಇಟ್ಕೊಂಡು ಕೂತಿದೀನಿ!"

ಅವನು ಅಲ್ಲಾಡಲಿಲ್ಲ. ಮತ್ತೆ ಎಂಟು ಸುತ್ತು ಮುಗಿಯಿತು, ಮತ್ತೆ ಶುರು ಮಾಡಿದೆ. ಪೆಡಲ್ ಒತ್ತುವ ಮಂಡಿ ಬಸ್ಸಿನ ಹಳೆಯ ಕ್ಲಚ್ಚನ್ನೆಲ್ಲ ನೆನೆದು ನೋಯತೊಡಗಿತು. ನೋಯಲಿ. ಬೆಳಗಾದರೂ ಸರಿ, ಇವನು ಒಳಗೆ ಬರುವವರೆಗೆ ಈ ಹಾಡು ಮುಂದೆ ಹೋಗುವುದಿಲ್ಲ ಎಂದು ನಿರ್ಧರಿಸಿಬಿಟ್ಟಿದ್ದೆ. ಜನ ಚಪ್ಪಾಳೆಯಿಂದ ತಾಳ ಹಿಡಿದರು. "ಥೂ" ಎಂದವನೂ ಹಿಡಿದ, ನಾನು ನೋಡಿದೆ.

ಅಣ್ಣ ಎಡಗೈಯ ತೋಳಿನಿಂದ ಮುಖ ಒರೆಸಿಕೊಂಡ. ಗಿಟಾರಿನ ದನಿಯನ್ನು ತಗ್ಗಿಸಿ ಒಂದು ಸ್ವರ ಮೀಟಿದ, ಆಮೇಲೆ ಇನ್ನೊಂದು. ಮೆತ್ತಗಿತ್ತು, ಹಾಸಿಗೆಯಷ್ಟೇ ಮೆತ್ತಗೆ. ಎರಡನೇ ಸುತ್ತಿಗೇ ಮತ್ತೆ ತಾಳಕ್ಕಿಂತ ಮುಂದೆ ಓಡಿದ. ನಾನು ನನ್ನ ತಾಳ ಬಿಡಲಿಲ್ಲ. ಅವನೇ ತಡೆದು, ಒಂದು ಗಳಿಗೆ ಕಾದು, ನನ್ನ ಜೊತೆ ಹೆಜ್ಜೆ ಹಾಕಿದ. ಎಂಟು ಸುತ್ತು ತುಂಬಿತು.

ಗಂಟಲು ತನ್ನ ಜೀವನದ ಕೊನೆಯ ಸಾಲು ಹಾಡಿದ. "ಬಾಗಿಲು ತೆಗೆದಿದೆ, ಬೈದು ಮುಗಿದಿದೆ, ಬಾ."

ಬೈದು ಮುಗಿದಿದೆ ಎನ್ನುವುದೊಂದು ಮಾತ್ರ ಸುಳ್ಳು. ವಾಪಸು ಬರುವಾಗ ವ್ಯಾನಿನಲ್ಲಿ ಅಣ್ಣನನ್ನು ನನ್ನ ಪಕ್ಕದಲ್ಲೇ ಕೂರಿಸಿಕೊಂಡು, ಮನೆ ಮುಟ್ಟುವವರೆಗೂ ಬೈದೆ.