ಮೋಟರಿನ ಜಾತಕ

ಟೀಚರಮ್ಮನ ಅಣ್ಣ ಫ್ಯಾನಿನ ಪ್ಲಗ್ ಕಿತ್ತರು. ಮೇಷ್ಟ್ರು ಬಗ್ಗಿ ಅದನ್ನು ಮತ್ತೆ ಸಿಕ್ಕಿಸಿದರು.

"ಕರಕರ ಅಂತಿದೆ ರೀ. ಬಂದವರಿಗೆಲ್ಲ ಕಿರಿಕಿರಿ," ಎಂದರು ಅಣ್ಣ.

"ಇರ್ಲಿ ಬಿಡಿ ಸಾರ್. ಓಡ್ಲಿ."

"ಹೊಸದೊಂದು ಒಳಗಿದೆ. ಹೋದ ವರ್ಷ ನಾನೇ ತಂದ್ಕೊಟ್ಟಿದ್ದು. ಡಬ್ಬಾನೂ ಬಿಚ್ಚಿಲ್ಲ ನೋಡಿ ಅವಳು."

"ಅವರಿಗೆ ಇದೇ ಇಷ್ಟ ಸಾರ್."

ಅಣ್ಣ ಪಕ್ಕಕ್ಕೆ ಸರಿದರು. ಸಾವಿನ ಮನೆಯಲ್ಲಿ ಫ್ಯಾನಿಗಾಗಿ ಜಗಳಕ್ಕೆ ನಿಲ್ಲುವುದು ಯಾರಿಗೂ ಶೋಭೆಯಲ್ಲ. ಸ್ಟೂಲಿನ ಮೇಲೆ ಕೂತಿದ್ದ ಆ ಹಸಿರು ಬಣ್ಣದ ಟೇಬಲ್ ಫ್ಯಾನು ಗೊಣಗುತ್ತಲೇ ಅತ್ತಿತ್ತ ಮುಖ ತಿರುಗಿಸತೊಡಗಿತು. ಮಂಚದ ಮೇಲೆ ಟೀಚರಮ್ಮ ಮಲಗಿದ್ದರು. ಬಿಳಿ ಹೊದಿಕೆಯ ಮೇಲೆ ಜೋಡಿಸಿಟ್ಟ ಕೈಗಳಲ್ಲಿ, ಬಲ ಹೆಬ್ಬೆರಳಿನ ಪಕ್ಕ, ಹಳೆಯ ಸುಟ್ಟ ಕಲೆಯೊಂದಿತ್ತು. ಬೆಸುಗೆ ಕಡ್ಡಿ ತಾಗಿ ಆದದ್ದು ಅದು. ಆವತ್ತು ಅವರು ಅಯ್ಯೋ ಅನ್ನದೆ, "ಈಗ ಏನಾಯ್ತು, ಎಲ್ಲರೂ ಒಂದು ಸಾಲು ಬರೀರಿ" ಎಂದು ಕ್ಲಾಸಿಗೆ ಹೇಳಿ, ಆಮೇಲೆ ನಲ್ಲಿಯ ಕಡೆ ಓಡಿದ್ದರು.

ಸ್ಮಶಾನಕ್ಕೆ ಒಯ್ಯುವ ಗಾಡಿ ಹನ್ನೊಂದಕ್ಕೆ ಬರುವುದಿತ್ತು. ಇನ್ನೂ ಹತ್ತಾಗಿರಲಿಲ್ಲ. ಎರಡನೆಯ ಮಹಡಿಯ ಆ ಎರಡು ಕೋಣೆಯ ಮನೆಯಲ್ಲಿ ಹತ್ತು ಜನ ನಿಂತರೆ ಹನ್ನೊಂದನೆಯವರಿಗೆ ಜಾಗವಿಲ್ಲ. ಉಳಿದವರು ಮೆಟ್ಟಿಲುಗಳ ಮೇಲೆ, ಕೆಳಗೆ ಬೀದಿಬಾಗಿಲಿನವರೆಗೆ ನಿಂತಿದ್ದರು. ನೆಂಟರು ಅಂತ ಇದ್ದದ್ದು ಅಣ್ಣ ಒಬ್ಬರೇ. ಮಿಕ್ಕವರೆಲ್ಲ ಉಗುರಿನ ಸಂದಿಯಲ್ಲಿ ಗ್ರೀಸ್ ಇರುವ ಜನ. ಎಷ್ಟು ಉಜ್ಜಿ ತೊಳೆದು ಬಂದರೂ ಅದು ಹೋಗುವಂಥದ್ದಲ್ಲ.

ಅವರ ನಡುವೆ ದಾರಿ ಮಾಡಿಕೊಂಡು ಪಂಪಕ್ಕ ಮೇಲೆ ಬಂದಳು. ನೀರಿನ ಪಂಪು ರಿಪೇರಿಯ ಅಂಗಡಿ ಇಟ್ಟಿರುವುದರಿಂದ ಅವಳಿಗೆ ಆ ಹೆಸರು. ಅದಕ್ಕೂ ಮೊದಲು ಬಸ್ ನಿಲ್ದಾಣದಲ್ಲಿ ನೆಲ ಒರೆಸುತ್ತಿದ್ದಳು. ಅವಳು ಮೇಷ್ಟ್ರ ಕೈಗೆ ಒಂದು ಟೈಪು ಮಾಡಿದ ಹಾಳೆ ಕೊಟ್ಟಳು.

"ಕಾಲೇಜಿನ ಪ್ರಿನ್ಸಿಪಾಲರು ಶ್ರದ್ಧಾಂಜಲಿ ಬರೆದು ಕಳಿಸಿದಾರೆ. ಗಾಡಿ ಬರೋಕೆ ಮುಂಚೆ ಇದನ್ನ ನೀವೇ ಓದ್ಬೇಕಂತೆ."

ಮೇಷ್ಟ್ರು ಹಾಳೆ ಮಡಚಿ ಜೇಬಿಗಿಟ್ಟರು. ಅಣ್ಣ ಪಂಪಕ್ಕನನ್ನು ನೋಡಿದರು.

"ನೀವೆಲ್ಲ ಇವಳ ಸ್ಟೂಡೆಂಟ್ಸಾ?"

"ಹೂಂ ಸಾರ್. ನನಗೆ ಅಕ್ಷರ ಬಂದಾಗ ನಲ್ವತ್ತೊಂದು. ಮೊದಲು ಬರೆದ ಪದ ಯಾವುದು ಗೊತ್ತಾ? ತಾಮ್ರ. ಕೈಲಿ ತಾಮ್ರದ ತಂತಿ ಹಿಡ್ಕೊಂಡೇ ಬರೆದೆ. ಒಂದೇ ರೂಮಲ್ಲಿ ಇಬ್ಬರು ಪಾಠ ಮಾಡೋರು. ಮೇಷ್ಟ್ರು ಕೈಗೆ ಕೆಲಸ, ಟೀಚರ್ ಕಣ್ಣಿಗೆ ಅಕ್ಷರ."

ಅಣ್ಣ ನಿಟ್ಟುಸಿರು ಬಿಟ್ಟರು. ಕೆಟ್ಟ ಮನುಷ್ಯರಲ್ಲ ಅವರು. ದೊಡ್ಡ ಆಫೀಸಿನಲ್ಲಿ ನಲವತ್ತು ವರ್ಷ ಫೈಲು ಬರೆದು ನಿವೃತ್ತರಾದವರು. ರಾತ್ರಿಯಿಡೀ ಪ್ರಯಾಣ ಮಾಡಿ ಬಂದು ಕಣ್ಣು ಕೆಂಪಾಗಿದ್ದವು.

"ಬೇಜಾರು ಮಾಡ್ಕೋಬೇಡಿ ಕಣಮ್ಮ. ನನ್ನ ತಂಗಿ ಓದಿನಲ್ಲಿ ಯಾವತ್ತೂ ಫಸ್ಟು. ಎರಡು ಡಿಗ್ರಿ. ಪ್ರಿನ್ಸಿಪಾಲ್ ಹುದ್ದೆಯ ಲಿಸ್ಟಿಗೆ ಹೆಸರೂ ಹೋಗಿತ್ತು. ಅಷ್ಟರಲ್ಲಿ ಯಾವುದೋ ಚೀಟಿ ಕೊಡೋದು ಮರೆತಳಂತೆ, ಯಾರದೋ ಮೋಟರ್ ಹಾಳಾಯ್ತಂತೆ. ನೋಟಿಸ್ ಬಂತು, ಲಿಸ್ಟಿಂದ ಹೆಸರು ಹೋಯ್ತು. ಅಷ್ಟೆ, ಆ ಕಾಲೇಜಿನ ಶೆಡ್ಡಿನಲ್ಲೇ ಉಳಿದುಬಿಟ್ಟಳು. ಒಂದು ಚೀಟಿ ನೋಡ್ಕೊಳ್ಳೋಕಾಗ್ಲಿಲ್ಲವಲ್ಲ ಅಂತ ನಮ್ಮಪ್ಪ ಸಾಯೋವರೆಗೂ ಅಂತಾನೇ ಇದ್ರು."

ನೋಟಿಸಿನ ಸಂಗತಿ ಮೇಷ್ಟ್ರಿಗೆ ಗೊತ್ತಿತ್ತು. ಲಿಸ್ಟಿನ ಸಂಗತಿ ಗೊತ್ತಿರಲಿಲ್ಲ.

*

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಟೀಚರಮ್ಮ, ಮೇಷ್ಟ್ರು ಕಲಿಸುತ್ತಿದ್ದ ಕೈಕಸುಬಿನ ಕಾಲೇಜಿಗೆ ಶಾಲೆ ಬಿಟ್ಟ ದೊಡ್ಡವರು ಬರುತ್ತಿದ್ದರು. ಮೊದಲು ಒಂದು ವರ್ಷ ಓದು ಬರಹ, ಅದರಲ್ಲಿ ಪಾಸಾದರೆ ಕೆಲಸದ ಶೆಡ್ಡು ಎಂಬ ಪದ್ಧತಿಯಿತ್ತು. ಮಕ್ಕಳಿಗೆ ಬುತ್ತಿ ಕಟ್ಟಿ, ದುಡಿದು ದಣಿದು ಬಂದವರಿಗೆ ಒಂದು ವರ್ಷ ಅ ಆ ಇ ಈ ತಿದ್ದುವ ತಾಳ್ಮೆ ಎಲ್ಲಿಂದ ಬರಬೇಕು? ಮುಕ್ಕಾಲು ಜನ ಶೆಡ್ಡಿನ ಮುಖ ನೋಡುವ ಮೊದಲೇ ಕಾಣೆಯಾಗುತ್ತಿದ್ದರು. ಟೀಚರಮ್ಮ ಒಂದು ದಿನ ತಮ್ಮ ಮೇಜನ್ನೇ ಎತ್ತಿಸಿಕೊಂಡು ಬಂದು ಶೆಡ್ಡಿನಲ್ಲಿ, ಮೋಟರುಗಳ ಮಧ್ಯೆ, ಹಾಕಿಸಿಕೊಂಡರು. "ಇನ್ಮೇಲೆ ಎರಡೂ ಇಲ್ಲೇ, ಒಟ್ಟಿಗೆ," ಎಂದರು.

ಮೇಷ್ಟ್ರಿಗೆ ಅದು ಬೇಡವಾಗಿತ್ತು. ಕಾರ್ಖಾನೆಯಲ್ಲಿ ಹದಿನಾರು ವರ್ಷ ಮೋಟರಿಗೆ ತಂತಿ ಸುತ್ತಿದವರು ಅವರು. ಸುಟ್ಟ ಮೋಟರನ್ನು ಮೂಸಿ ನೋಡಿಯೇ ಯಾವ ಸುರುಳಿ ಹೋಗಿದೆ ಎಂದು ಹೇಳುವ ಆಸಾಮಿ. ಕಾಲೇಜಿನವರು ಆ ಕೈ ನೋಡಿ ಕೆಲಸ ಕೊಟ್ಟರೇ ಹೊರತು ಅರ್ಜಿ ತುಂಬಿದ್ದು ಅವರ ಹೆಂಡತಿ ಎಂಬುದನ್ನು ವಿಚಾರಿಸಲಿಲ್ಲ. ಅವರಿಗೆ ಅಂಕಿ ಗೊತ್ತಿತ್ತು. ಸಹಿ ಗೊತ್ತಿತ್ತು. ಅಕ್ಷರ ಗೊತ್ತಿರಲಿಲ್ಲ. ಕಾಗದ ಬಂದರೆ, "ಕನ್ನಡಕ ಮರೆತೆ, ನೀನು ಓದು ನೋಡೋಣ" ಎಂದು ಯಾರನ್ನಾದರೂ ಸಿಕ್ಕಿಸುತ್ತಿದ್ದರು. ಪಾಠವನ್ನು ಯಾಕೆ ಬರೆಸುವುದಿಲ್ಲ ಎಂದು ಕೇಳಿದರೆ ಹಣೆ ತಟ್ಟಿ, "ಎಲ್ಲಾ ಇಲ್ಲೇ ಇದೆ" ಎನ್ನುತ್ತಿದ್ದರು. ಅದೇ ಅವರ ಖ್ಯಾತಿಯಾಗಿಬಿಟ್ಟಿತ್ತು.

ಒಂದು ಬೆಳಿಗ್ಗೆ ಬಟ್ಟೆ ಒಗೆಯುವ ಕಂಪನಿಯೊಂದರಿಂದ ದೊಡ್ಡ ಮೋಟರ್ ಬಂತು. ಅದಕ್ಕೊಂದು ಚೀಟಿ ಕಟ್ಟಿತ್ತು. ಕ್ಲಾಸಿನವರೆಲ್ಲ ನೋಡುತ್ತಿದ್ದರು. ಮೇಷ್ಟ್ರು ಚೀಟಿಯನ್ನು ಗಂಭೀರವಾಗಿ ಮೇಲಿಂದ ಕೆಳಗೆ ನೋಡಿ, ಎರಡು ಸಲ ಹೂಂಗುಟ್ಟಿ, ಮೇಜಿನ ಮೇಲೆಸೆದು, "ಬಿಚ್ರಪ್ಪಾ" ಎಂದರು. ಮಧ್ಯಾಹ್ನದ ಹೊತ್ತಿಗೆ ಹನ್ನೆರಡು ಜನ ಸೇರಿ ಒಳಗಿನ ತಾಮ್ರವನ್ನೆಲ್ಲ ಕತ್ತರಿಸಿ, ಎಳೆದು, ರಾಶಿ ಹಾಕಿದ್ದರು. ಎಷ್ಟು ಸುತ್ತು, ಯಾವ ದಪ್ಪದ ತಂತಿ ಎಂದು ಯಾರೂ ಗುರುತು ಹಾಕಿಕೊಂಡಿರಲಿಲ್ಲ; ಆ ಲೆಕ್ಕವಿಲ್ಲದೆ ಮತ್ತೆ ಸುತ್ತುವಂತಿರಲಿಲ್ಲ.

ಊಟದ ಬಿಡುವಿನಲ್ಲಿ ಟೀಚರಮ್ಮ ಆ ಚೀಟಿ ಓದಿದರು. 'ಸುರುಳಿ ಸರಿಯಿದೆ, ಬಿಚ್ಚಬೇಡಿ. ಬೇರಿಂಗ್ ಮಾತ್ರ ಬದಲಿಸಿ ಕಳಿಸಿ.' ಓದಿ, ತಲೆಯೆತ್ತಿ, ಮೇಷ್ಟ್ರನ್ನು ಒಂದೇ ಒಂದು ಸಲ ನೋಡಿದರು. ಆಮೇಲೆ ಚೀಟಿ ಮಡಚಿ ತಮ್ಮ ಬ್ಯಾಗಿಗೆ ಹಾಕಿಕೊಂಡರು. ಕ್ಲಾಸಿನವರು ಊಟದಿಂದ ಬರುವ ಮೊದಲೇ ಆಫೀಸಿನವರು ಕೂಗಾಡುತ್ತಾ ಬಂದಾಗ ಬ್ಯಾಗಿನಿಂದಲೇ ಅದನ್ನು ತೆಗೆದು ತೋರಿಸಿದರು.

"ನನ್ನ ಹತ್ರಾನೇ ಉಳಿದುಬಿಡ್ತು. ಮೇಷ್ಟ್ರಿಗೆ ಕೊಡೋದು ಮರೆತೆ. ತಪ್ಪು ನನ್ನದೇ."

ಮೇಷ್ಟ್ರು ಬಾಯಿ ತೆರೆಯಲಿಲ್ಲ. ತೆರೆಯಬೇಕಿತ್ತು.

*

"ಯಾಕೆ ಮೇಷ್ಟ್ರೇ, ಹಿಂಗೆ ಬೆವರ್ತಿದೀರಿ?" ಪಂಪಕ್ಕ ನೀರಿನ ಲೋಟ ಹಿಡಿದು ನಿಂತಿದ್ದಳು. "ಕೂತ್ಕೊಳ್ಳಿ. ಓದೋವಾಗ ತಲೆ ತಿರುಗಿದ್ರೆ ಕಷ್ಟ."

ಮೇಷ್ಟ್ರು ಕೂತರು. ಜೇಬಿನ ಹಾಳೆ ಗರಗರ ಎಂದಿತು. ಓದುವುದು ಈಗ ಅವರಿಗೆ ನೀರು ಕುಡಿದಷ್ಟು ಸಲೀಸು. ಸದ್ಗುಣ, ಸೇವೆ, ತುಂಬಲಾರದ ನಷ್ಟ ಎಂದು ಐದು ನಿಮಿಷದಲ್ಲಿ ಓದಿ ಮುಗಿಸಬಹುದಿತ್ತು. ಅಣ್ಣ ತಲೆಯಾಡಿಸಿ ಕೇಳಿ, ತಂಗಿ ಮರೆಗುಳಿಯಾಗಿ ಬದುಕು ಕೆಡಿಸಿಕೊಂಡಳು ಎಂದುಕೊಂಡೇ ಊರಿಗೆ ಹೋಗುತ್ತಿದ್ದರು. ಅದನ್ನು ತಪ್ಪಿಸಬಲ್ಲ ಮನುಷ್ಯ ಆ ಮನೆಯಲ್ಲಿ ಒಬ್ಬನೇ ಇದ್ದ. ಅವನ ಶಿಷ್ಯರು ಬಾಗಿಲಿನಿಂದ ಬೀದಿಯವರೆಗೆ ನಿಂತಿದ್ದರು. ಅವರ ಮುಂದೆಯೇ ಹೇಳಬೇಕಿತ್ತು.

*

ಚೀಟಿಯ ಮರುದಿನ ಸಂಜೆ ಕ್ಲಾಸು ಬಿಟ್ಟ ಮೇಲೆ ಟೀಚರಮ್ಮ ಒಂದು ಸುಟ್ಟ ಟೇಬಲ್ ಫ್ಯಾನ್ ತಂದು ಮೇಷ್ಟ್ರ ಮುಂದಿಟ್ಟಿದ್ದರು.

"ಇದಕ್ಕೆ ತಂತಿ ಸುತ್ತೋದು ನನಗೆ ಕಲಿಸ್ತೀರಾ? ದಿನಾ ಅರ್ಧ ಗಂಟೆ ಸಾಕು."

"ನಿಮಗ್ಯಾಕೆ ಟೀಚರೇ ಈ ಉಸಾಬರಿ?"

"ಕೆಲಸ ಗೊತ್ತಿಲ್ದೆ ಆ ಕೆಲಸದ ಮಾತು ಹೇಗೆ ಕಲಿಸ್ಲಿ? ನೀವು ಹೇಳಿದ್ದನ್ನ ನಾನು ಸುತ್ತುತೀನಿ. ನಾನು ಹೇಳಿದ್ದನ್ನ ನೀವು ಬರೀರಿ. ಮೋಟರಿಗೂ ಒಂದು ಜಾತಕ ಬೇಕಲ್ವಾ?"

ಜಾತಕ ಎಂಬ ಹೆಸರು ಆವತ್ತೇ ಹುಟ್ಟಿದ್ದು. ಮೋಟರ್ ಬಿಚ್ಚುವ ಮೊದಲು ಅದರ ಲೆಕ್ಕವನ್ನೆಲ್ಲ ಒಂದು ಕಾರ್ಡಿನಲ್ಲಿ ಬರೆಯಬೇಕು. ಕೆಲಸ ಮುಗಿದ ಮೇಲೆ ಅದನ್ನು ಒಳಗೇ ಇಟ್ಟು ಮುಚ್ಚಬೇಕು. ಮುಂದೆ ಯಾರೇ ಬಿಚ್ಚಿದರೂ ತಾವು ಕಂಡದ್ದನ್ನು ಕೆಳಗೆ ಒಂದು ಸಾಲು ಸೇರಿಸಬೇಕು. ಇವತ್ತಿಗೂ ಆ ಕ್ಲಾಸಿನಿಂದ ಬಂದವರು ಮುಟ್ಟಿದ ಮೋಟರಿನೊಳಗೆ ಜಾತಕ ಇರುತ್ತದೆ.

ಟೀಚರಮ್ಮನ ಬೆರಳಿಗೆ ತಂತಿಯ ಹದ ಸಿಗಲಿಲ್ಲ. ನೂರೈವತ್ತನೇ ಸುತ್ತಿಗೆ ಲೆಕ್ಕ ತಪ್ಪಿ ಮತ್ತೆ ಒಂದರಿಂದ ಶುರು ಮಾಡುತ್ತಿದ್ದರು. ಎದುರಿಗೆ ಮೇಷ್ಟ್ರು ಪೆನ್ಸಿಲನ್ನು ಉಳಿಯಂತೆ ಹಿಡಿದು ಒತ್ತುತ್ತಿದ್ದರು, ಮೊನೆ ಮುರಿಯುತ್ತಿತ್ತು. ಇಬ್ಬರೂ ಒಬ್ಬರ ಅವಸ್ಥೆ ಇನ್ನೊಬ್ಬರು ನೋಡಿ ನಗುತ್ತಿದ್ದರು. ಚೀಟಿಯ ಮಾತನ್ನು ಟೀಚರಮ್ಮ ಎತ್ತಲಿಲ್ಲ. ಒಂದು ಸಂಜೆ ಮೇಷ್ಟ್ರೇ ತಡೆಯಲಾರದೆ, "ಟೀಚರೇ, ಆವತ್ತು..." ಎಂದು ಬಾಯಿ ತೆರೆದಾಗ, "ಸುತ್ತು ಎಣಿಸ್ತಿದೀನಿ, ಮಾತಾಡಿಸ್ಬೇಡಿ" ಎಂದು ಬಾಯಿ ಮುಚ್ಚಿಸಿದ್ದರು.

"ನನಗೇನು ಬರೆಯೋಕೆ ಬರುತ್ತೆ ಟೀಚರೇ?" ಎಂದು ಮೇಷ್ಟ್ರು ಸೋತು ಕೂತಾಗಲೆಲ್ಲ ಅವರದು ಒಂದೇ ಉತ್ತರ: "ಏನು ನೋಡಿದ್ರೋ ಅದನ್ನ ಬರೀರಿ. ಅಷ್ಟೇ."

*

ಕೆಳಗೆ ಗಾಡಿಯ ಹಾರನ್ ಕೇಳಿಸಿತು. ಪಂಪಕ್ಕ, "ಮೇಷ್ಟ್ರೇ, ಓದಿ," ಎಂದಳು.

ಮೇಷ್ಟ್ರು ಎದ್ದರು. ಜೇಬಿನ ಹಾಳೆ ಜೇಬಿನಲ್ಲೇ ಉಳಿಯಿತು. ಫ್ಯಾನಿನ ಪ್ಲಗ್ ತೆಗೆದು, ಮತ್ತೆ ಕೂತು, ಫ್ಯಾನನ್ನು ಮೊಣಕಾಲ ಮೇಲೆ ಮಗುಚಿ ಹಾಕಿಕೊಂಡು, ಅಂಗಿಯ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದರು. ಪೆನ್ನಿಲ್ಲದೆ ಹೊರಟಾರು, ಅದಿಲ್ಲದೆ ಹೊರಟವರಲ್ಲ.

"ಏನ್ರೀ ಇದು?" ಎಂದರು ಅಣ್ಣ.

"ಕೈ ಹಿಡೀರಿ ಸಾರ್. ಸ್ಕ್ರೂ ಕಳೆದುಹೋಗುತ್ತೆ."

ಅಣ್ಣ ಗೊತ್ತಿಲ್ಲದೆಯೇ ಅಂಗೈ ಚಾಚಿದರು. ನಾಲ್ಕು ಸ್ಕ್ರೂಗಳು ಅದರಲ್ಲಿ ಬಿದ್ದವು. ತಳದ ತಗಡು ಎದ್ದಾಗ ಒಳಗೆ ಮಡಚಿಟ್ಟ ಒಂದು ಕಾರ್ಡು ಕಂಡಿತು, ಅಂಚೆಲ್ಲ ಹಳದಿಯಾಗಿತ್ತು. ಮೇಷ್ಟ್ರು ಅದನ್ನು ಬಿಡಿಸಿದರು.

"ಚೀಟಿ ಮರೆತದ್ದು ನಿಮ್ಮ ತಂಗಿ ಅಲ್ಲ ಸಾರ್. ಚೀಟಿ ನನ್ನ ಕೈಲೇ ಇತ್ತು. ನನಗೆ ಓದೋಕೆ ಬರ್ತಿರ್ಲಿಲ್ಲ." ಮೇಷ್ಟ್ರು ಬಾಗಿಲಲ್ಲಿ ನಿಂತವರ ಕಡೆ ತಿರುಗಿದರು. "ಮೋಟರ್ ಹಾಳು ಮಾಡಿದ್ದು ನಾನು. ಅವರು ತಮ್ಮ ಮೇಲೆ ಹಾಕ್ಕೊಂಡ್ರು. ನನ್ನ ಮಾನ ಉಳಿಸಿದ್ರು. ಆಮೇಲೆ ಓದು ಬರಹಾನೂ ಕಲಿಸಿದ್ರು. ಇದು ನಾನು ಹುಟ್ಟಿದ ಮೇಲೆ ಬರೆದ ಮೊದಲನೇ ಕಾಗದ. ಪ್ರಿನ್ಸಿಪಾಲರದ್ದು ಆಮೇಲೆ ಓದ್ತೀನಿ, ಇದನ್ನ ಮೊದಲು ಓದ್ತೀನಿ."

ಅವರು ಸಾಲಿನ ಕೆಳಗೆ ಬೆರಳಿಟ್ಟರು. ಇಪ್ಪತ್ತು ವರ್ಷದಿಂದ ಬೆರಳಿಡದೆ ಓದಿದವರು ಇವತ್ತು ಬೆರಳಿಟ್ಟರು.

"ಟೇಬಲ್ ಫ್ಯಾನು. ಎಂಟು ಸುರುಳಿ. ತಂತಿ ಸುತ್ತಿದ್ದು ಟೀಚರು. ಮೂರು ಸಲ ತಪ್ಪಿದರು. ಬರೆದದ್ದು ನಾನು. ನಾನೂ ಮೂರು ಸಲ ತಪ್ಪಿದೆ. ಈಗ ಓಡುತ್ತಿದೆ."

ಮೊದಲು ಕೇಳಿದ್ದು ಪಂಪಕ್ಕ.

"ಅಂದ್ರೆ ಮೇಷ್ಟ್ರೇ, ನೀವು ನಮ್ಮ ಕ್ಲಾಸ್‌ಮೇಟಾ?"

ಮೆಟ್ಟಿಲ ಮೇಲೆ ಯಾರೋ ಬಿಕ್ಕಳಿಸಿದರು, ಯಾರೋ ನಕ್ಕರು. ಎರಡೂ ಒಬ್ಬರೇ ಇದ್ದರೂ ಇರಬಹುದು. ಪಂಪಕ್ಕ ಕಣ್ಣೊರೆಸಿಕೊಳ್ಳುತ್ತಾ ಮೇಷ್ಟ್ರ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಣ್ಣ ಮಾತ್ರ ಅಂಗೈಯ ಸ್ಕ್ರೂಗಳನ್ನೇ ನೋಡುತ್ತಿದ್ದರು.

"ಇದನ್ನ ನಮಗ್ಯಾರಿಗೂ ಯಾಕೆ ಹೇಳ್ಲಿಲ್ಲ ಅವಳು?"

"ಲಿಸ್ಟಿನ ವಿಷಯ ನನಗೂ ಹೇಳ್ಲಿಲ್ಲ ಸಾರ್. ಇಪ್ಪತ್ತೆರಡು ವರ್ಷ ಪಕ್ಕದ ಮೇಜಲ್ಲೇ ಕೂತಿದ್ರು."

ಅಣ್ಣ ಬಾಗಿಲಿನಾಚೆ ನೋಡಿದರು. ಮೆಟ್ಟಿಲ ತಿರುವಿನವರೆಗೂ ತಲೆಗಳು, ಅದರ ಕೆಳಗೂ ತಲೆಗಳು. ಬಹಳ ಹೊತ್ತು ನೋಡಿದರು.

ಮೇಷ್ಟ್ರು ಪಂಪಕ್ಕ ಕೊಟ್ಟ ಶೀಸೆಯಿಂದ ಫ್ಯಾನಿನ ಕತ್ತಿನ ಸಂದಿಗೆ ಒಂದು ಹನಿ ಎಣ್ಣೆ ಬಿಟ್ಟರು. ಕಾರ್ಡಿನ ಕೆಳಗೆ ತಾರೀಕು ಹಾಕಿ, 'ಎಣ್ಣೆ ಬಿಟ್ಟೆ. ಕೃತಜ್ಞತೆಗಳು, ಟೀಚರೇ' ಎಂದು ಬರೆದು, ಪೆನ್ನನ್ನು ಅಣ್ಣನ ಕಡೆ ಚಾಚಿದರು.

"ನಮ್ಮ ನಿಯಮ ಸಾರ್. ಬಿಚ್ಚಿದವರು ಬರೀಬೇಕು. ಸ್ಕ್ರೂ ಹಿಡಿದೋರು ನೀವು."

ಅಣ್ಣ ಪೆನ್ನು ತೆಗೆದುಕೊಂಡರು. ನಲವತ್ತು ವರ್ಷ ಫೈಲು ಬರೆದ ಕೈ ಕಾರ್ಡಿನ ಮೇಲೆ ನಿಂತೇಬಿಟ್ಟಿತು.

"ಏನು ಬರೀಲಿ? ನನಗೆ ತೋಚ್ತಾನೇ ಇಲ್ಲ."

"ಏನು ನೋಡಿದ್ರೋ ಅದನ್ನ ಬರೀರಿ ಸಾರ್. ಅಷ್ಟೇ."

ಅಣ್ಣ ಬರೆದರು. ಮೇಷ್ಟ್ರು ಮಡಚುವ ಮುಂಚೆ ಓದಿದರು: 'ನನ್ನ ತಂಗಿ ಕಟ್ಟಿದ್ದು. ಬಂದವರನ್ನು ಎಣಿಸಲಾಗಲಿಲ್ಲ.'

ನಾಲ್ಕು ಸ್ಕ್ರೂಗಳನ್ನು ಅಣ್ಣ ಒಂದೊಂದಾಗಿ ಕೊಟ್ಟರು. ಫ್ಯಾನು ಸ್ಟೂಲಿನ ಮೇಲೆ ಕೂತಿತು. ಈ ಸಲ ಪ್ಲಗ್ ಸಿಕ್ಕಿಸಿದ್ದು ಅಣ್ಣನೇ. ಕರಕರ ನಿಂತಿತ್ತು. ಅದು ಮೆಲ್ಲಗೆ ಕತ್ತು ತಿರುಗಿಸಿ ಬಾಗಿಲಲ್ಲಿ ನಿಂತವರ ಮುಖಕ್ಕೆ ಗಾಳಿ ಬೀಸಿತು, ಪಂಪಕ್ಕನ ಒದ್ದೆ ಕೆನ್ನೆಗೆ ಬೀಸಿತು, ಇಬ್ಬರು ಮುದುಕರಿಗೂ ಬೀಸಿತು. ಆಮೇಲೆ ಮಂಚದ ಕಡೆ ತಿರುಗಿತು. ಟೀಚರಮ್ಮನ ಹಣೆಯ ಮೇಲಿನ ಒಂದು ಬಿಳಿ ಕೂದಲು ಎದ್ದು, ಮತ್ತೆ ಮಲಗಿತು.