ಜರತಾರಿಯ ಅರ್ಥ

ಶಾಲಿನ ಅಂಗಡಿಗೆ ಗಿರಾಕಿ ಬಂದು ಕೂತರೆ ಸಾಕು, ಜರತಾರಿ ಅನ್ನುವ ಮಾತಿನ ಅರ್ಥ ಹೇಳದೆ ಮಾವನಿಗೆ ತಿಂದದ್ದು ಅರಗುತ್ತಿರಲಿಲ್ಲ.

"ಪಾರಸಿ ಮಾತು ಕಣ್ರಮ್ಮ. ಜರ್ ಅಂದ್ರೆ ಚಿನ್ನ, ತಾರ್ ಅಂದ್ರೆ ಎಳೆ. ನಾವು ಜರಿ ಅಂತೀವಲ್ಲ, ಅದೂ ಆ ಜರ್‌ನಿಂದಲೇ ಹುಟ್ಟಿದ್ದು."

ಮೂಲೆಯಲ್ಲಿ ಇಸ್ತ್ರಿ ಹಿಡಿದು ನಿಂತ ಸೊಸೆಗೆ ಅದು ಬಾಯಿಪಾಠ. ಅವಳ ಮದುವೆಗೆ ಮಾವ ಹೊದಿಸಿದ ಶಾಲೂ ಜರತಾರಿಯದೇ.

ಅವಳ ತಾಯಿಯ ಕಣ್ಣಿಗೆ ಪೊರೆ ಬಂತು. ಬೇಗ ಆಪರೇಷನ್ ಆಗಬೇಕು ಅಂದರು ಡಾಕ್ಟರು. ಗಂಡ "ದುಡ್ಡಿಗೆ ಅಪ್ಪನ್ನ ಕೇಳು" ಎಂದು ಜಾರಿಕೊಂಡ. ಕೇಳಿದಳು.

"ನನ್ನನ್ನ್ಯಾಕೆ ಕೇಳ್ತೀಯ? ಮದುವೆ ಶಾಲು ಇದೆಯಲ್ಲ, ಸುಟ್ಟು ಚಿನ್ನ ತೆಗೆಸ್ಕೊ," ಎಂದ ಮಾವ, ಮುಖದ ಗೆರೆ ಅಲುಗದ ಹಾಗೆ.

ಅಕ್ಕಸಾಲಿಗ ಶಾಲಿನ ಅಂಚು ಕತ್ತರಿಸಿ ಮೂಸೆಗೆ ಹಾಕಿದ. ಕಮಟು ಹೊಗೆ ಎದ್ದಿತು. ತಳದಲ್ಲಿ ಕರೀ ಅಂಟು.

"ಚಿನ್ನ ಹೋಗ್ಲಿ, ತಾಮ್ರವೂ ಇಲ್ಲ ತಾಯಿ. ಪ್ಲಾಸ್ಟಿಕ್ಕು."

ಊಟಕ್ಕೆ ಕೂತ ಮಾವ ಕೇಳಿ ಕೆಮ್ಮು ಬರುವಷ್ಟು ನಕ್ಕ. "ನಾನು ಮಾತಿನ ಅರ್ಥ ಹೇಳಿದ್ದು ಕಣೇ. ಶಾಲಲ್ಲಿ ಚಿನ್ನ ಇದೆ ಅಂತ ಯಾವತ್ತಾದ್ರೂ ಅಂದಿದ್ದೀನಾ?" ಗಂಡನೂ ತಟ್ಟೆ ನೋಡಿಕೊಂಡೇ ನಕ್ಕ.

ಆಪರೇಷನ್ ಆಗಲೇ ಇಲ್ಲ; ತಾಯಿಯ ಕಣ್ಣು ಪೂರ್ತಿ ಹೋದವು. ಮಗಳು ಹೋದರೆ ಮುಖ ತಡವಿ ಗುರುತು ಹಿಡಿಯುತ್ತಿದ್ದಳು.

ಆಮೇಲೊಂದು ದಿನ ಅಂಗಡಿಗೆ ಒಬ್ಬಾಕೆ ಭಾವೀ ಸೊಸೆಗೆ ಶಾಲು ಕೊಳ್ಳಲು ಬಂದಳು. ಹುಡುಗಿ ಇನ್ನೂ ಎದುರಿನ ಚಪ್ಪಲಿ ಅಂಗಡಿಯಲ್ಲಿದ್ದಳು. ಮಾವ ಶುರುಮಾಡಿದ: "ಜರ್ ಅಂದ್ರೆ..."

ಸೊಸೆ ಇಸ್ತ್ರಿ ಬಿಟ್ಟು ಬಂದಳು. ಶಾಲಿನಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿ ಹಿಡಿದಳು. ಎಳೆ ಮುದುಡಿ ಕಪ್ಪಾಯಿತು. "ನೋಡಿ, ಚಿನ್ನ ಹೀಗೆ ಸುಡುತ್ತಾ?"

ಮಾವನ ಮುಖ ಬಿಳಿಚಿತು. ಕೊಳ್ಳಲು ಬಂದಾಕೆ ಮಾತ್ರ ಸುಟ್ಟ ಎಳೆಯನ್ನು ಬೆರಳಲ್ಲಿ ಹೊಸಕಿ ನೋಡಿ, ದನಿ ತಗ್ಗಿಸಿದಳು.

"ಹಾಗಾದ್ರೆ ಬೆಲೆ ಇಳಿಸಿ. ಹೊದೆಯೋಳು ಸೊಸೆ ತಾನೇ? ಅವಳು ಬಂದಾಗ ಮಾತ್ರ ಆ ಅರ್ಥ ಚೆನ್ನಾಗಿ ಹೇಳಿಬಿಡಿ."

ಮಾವನಿಗೆ ಹೋದ ಜೀವ ಬಂತು. ಹುಡುಗಿ ಒಳಗೆ ಬರುತ್ತಿದ್ದಂತೆ ಮೊದಲಿನಿಂದ ಎಲ್ಲ ಹೇಳಿದ. ಅವಳ ಕಣ್ಣರಳಿತು. ಯಾಕೋ ಅನುಮಾನ ಬಂದು ಅಂಗಡಿಯವನ ಸೊಸೆಯ ಕಡೆ ತಿರುಗಿದಳು.

"ನಿಜವಾಗ್ಲೂ ಚಿನ್ನಾನಾ ಅಕ್ಕಾ?"

ನಿಜ ನಾಲಗೆಯ ತುದಿಗೇ ಬಂದಿತ್ತು. ಆದರೆ ಅದರ ಹಿಂದೆಯೇ ಇನ್ನೊಂದು ಎದ್ದಿತು: ನಾನೊಬ್ಬಳೇ ಯಾಕೆ ಮೋಸ ಹೋಗಬೇಕು?

"ಹೂಂ, ಅಪ್ಪಟ," ಎಂದಳು. ಹೊಟ್ಟೆ ತಣ್ಣಗಾಯಿತು. ಹುಡುಗಿಯ ಹೆಗಲಿಗೆ ತಾನೇ ಶಾಲು ಹೊದಿಸಿ, ಒಂದೊಂದೇ ನೆರಿಗೆ ಸರಿಮಾಡಿದಳು.