ಅರೇಪ ಮಗುಚುವಷ್ಟು ಹೊತ್ತು

ಹನ್ನೆರಡು ತಂತಿಗಳಲ್ಲಿ ಏಳು ಮುಗಿದಿದ್ದವು. ಎಂಟನೆಯದನ್ನು ಬಿರಡೆಗೆ ಸುತ್ತುತ್ತ ಬ್ರಿಸೇಯಿದಾ ಪುಟ್ಟ ಗಿಟಾರಿನಂಥ ತನ್ನ ತಿಪ್ಲೆಯನ್ನು ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ತಿಪ್ಲೆಗೆ ತಂತಿ ಹಾಕುವುದೆಂದರೆ ಮೂರು ಮೂರು ಎಳೆಯ ನಾಲ್ಕು ಜಡೆ ಹೆಣೆದ ಹಾಗೆ. ಒಂದು ಎಳೆ ಸಡಿಲವಾದರೆ ಪಕ್ಕದ ಎರಡೂ ಅಪಸ್ವರ ಅನ್ನಿಸತೊಡಗುತ್ತವೆ.

ಅಡುಗೆಮನೆಯಲ್ಲಿ ಸೋದರತ್ತೆ ತೆಯೊದೊಲಿಂದಾ ಹಳದಿ ಮೆಕ್ಕೆಜೋಳದ ಹಿಟ್ಟು ನಾದುತ್ತಿದ್ದರು. ಎಂಬತ್ತಾರು ವರ್ಷ, ಕಣ್ಣು ಅರ್ಧ ಹೋಗಿದೆ. ಆದರೂ ಹೆಂಚಿನ ಹತ್ತಿರ ಬೇರೆ ಯಾರನ್ನೂ ಬಿಡುವುದಿಲ್ಲ. ಇವತ್ತು ರೇಡಿಯೊದವರು ಬರುತ್ತಾರೆಂದು ಎಂಟು ಅರೇಪ ರೊಟ್ಟಿ ಹೆಚ್ಚಿಗೆ ತಟ್ಟುತ್ತಿದ್ದರು.

ಮೂರು ವಾರದಿಂದ ಮನೆ ಹೀಗೇ ಸಂತೆಯಾಗಿತ್ತು. ಬ್ರಿಸೇಯಿದಾಳ ತಿಪ್ಲೆ, ಅಣ್ಣ ಎಲಿಯೆಸರನ ಬಾಂದೋಲ, ದಾಯಾದಿ ಲುದ್ವಿಂಗನ ಗಿಟಾರು, ಇಷ್ಟೇ ಸೇರಿ ಮಾಡಿದ ಆಲ್ಬಮ್ಮು ಲ್ಯಾಟಿನ್ ಗ್ರ್ಯಾಮಿಯ ವಾದ್ಯಸಂಗೀತ ವಿಭಾಗದ ಕೊನೆಯ ಐದರೊಳಗೆ ಬಂದು ಕೂತಿತ್ತು. ತೀರಿಕೊಂಡ ಅಪ್ಪ ದೋನ್ ಕ್ರಿಸಾಂತೊ ಕಟ್ಟಿದ ಹದಿನಾಲ್ಕು ರಚನೆಗಳು. ಬುಕಾರಮಾಂಗಾ ಊರಿನ ಅವರ ಬೀದಿಯಲ್ಲಿ ಬ್ರೆಡ್ ಅಂಗಡಿಯವನೂ ಗಾಜಿಗೆ ಅಪ್ಪನ ಫೋಟೊ ಅಂಟಿಸಿದ್ದ.

ಎಲ್ಲರ ಬಾಯಲ್ಲಿದ್ದದ್ದು ಮೊದಲನೇ ರಚನೆ, ಕುಣಿತದ ಮಟ್ಟಿನ ಒಂದು ಪಾಸಿಯೊ. ಅದರ ಮೂರನೇ ಭಾಗದಲ್ಲಿ ಸ್ವರಗಳು ಓಡೋಡಿ ಬರುತ್ತಿರುವಾಗಲೇ ಮೂರೂ ವಾದ್ಯ ತಟ್ಟನೆ ನಿಂತುಬಿಡುತ್ತವೆ. ತಾಳದ ಎರಡೇ ಎರಡು ಏಟಿನ ಮೌನ. ಆಮೇಲೆ ಏನೂ ಆಗಿಲ್ಲವೆಂಬಂತೆ ಮುಂದಕ್ಕೆ ಹೋಗುತ್ತವೆ. ಆ ಮೌನದ ಬಗ್ಗೆ ಪತ್ರಿಕೆಯವರು ಅಂಕಣ ಬರೆದಿದ್ದರು. ಅಮ್ಮ ಸತ್ತ ವರ್ಷ ಅಪ್ಪನಿಗೆ ನುಡಿಸುತ್ತ ನುಡಿಸುತ್ತ ಉಸಿರು ಕಟ್ಟಿತಂತೆ, ಅದೇ ಆ ಮೌನ ಎಂದು ಎಲಿಯೆಸರ್ ಕೇಳಿದವರಿಗೆಲ್ಲ ಹೇಳುತ್ತಿದ್ದ. ಹೇಳುವಾಗ ಅವನ ಕಣ್ಣು ನಿಜವಾಗಿಯೂ ತುಂಬುತ್ತಿತ್ತು.

ಬ್ರಿಸೇಯಿದಾಳಿಗೆ ನಿಜ ಗೊತ್ತಿತ್ತು. ಆ ಪಾಸಿಯೊ ಹುಟ್ಟಿದಾಗ ಅವಳಿಗೆ ಒಂಬತ್ತು ವರ್ಷ, ಅಮ್ಮ ಇನ್ನೂ ಇದ್ದಳು. ಅತ್ತೆ ಹೆಂಚಿನ ಮುಂದೆ ನಿಂತು ಗುನುಗುತ್ತಿದ್ದರು. ಗುನುಗು ಏರುವ ಹೊತ್ತಿಗೆ ಸರಿಯಾಗಿ ಅರೇಪ ಮಗುಚಬೇಕು. ಉಸಿರು ಬಿಗಿಹಿಡಿದು ಬೆರಳ ತುದಿಯಿಂದ ಮಗುಚಿ, ಮತ್ತೆ ಬಿಟ್ಟಲ್ಲಿಂದ ಎತ್ತಿಕೊಳ್ಳುತ್ತಿದ್ದರು. ಅಪ್ಪ ಹೊಸ್ತಿಲ ಮೇಲೆ ಕೂತು, ಆ ನಿಲುಗಡೆಯನ್ನೂ ಬಿಡದೆ ಬಾಂದೋಲದ ಮೇಲೆ ಹುಡುಕಿಕೊಳ್ಳುತ್ತಿದ್ದ. ಶನಿವಾರದ ಹೊತ್ತಿಗೆ ಅದು ಊರಿನ ಕಿಟಕಿಗಳ ಕೆಳಗೆ ಅಪ್ಪನ ಪಾಸಿಯೊ ಆಗಿತ್ತು. ರಾತ್ರಿ ಮನೆಮನೆ ಮುಂದೆ ನುಡಿಸುವ ಸೆರೆನಾಟಾಕ್ಕೆ ಗಂಡಸರು ಹೋಗುತ್ತಿದ್ದರು, ಹೆಂಗಸರು ಕಿಟಕಿಯಲ್ಲಿ ನಿಂತು ಕೇಳುತ್ತಿದ್ದರು. ಒಲೆಯ ಮುಂದಿನವಳಿಗೆ ಎರಡು ಕಡೆಯೂ ಜಾಗವಿರಲಿಲ್ಲ.

ಹೋಗಲಿ, ಅದು ಅಪ್ಪನ ಕಾಲ. ಈ ಆಲ್ಬಮ್ಮಿನ ಕಾಗದಪತ್ರವನ್ನೆಲ್ಲ ಬರೆದವಳು ಬ್ರಿಸೇಯಿದಾ. ಮೊದಲ ಸಾಲಿನಲ್ಲಿ 'ರಚನೆ' ಎಂಬಲ್ಲಿ ಜಾಗ ಖಾಲಿಯಿತ್ತು. ಕೈ ಒಂದು ಗಳಿಗೆ ನಿಂತಿತ್ತು. ಆಮೇಲೆ ಕ್ರಿಸಾಂತೊ ಅರ್ದೀಲಾ ಎಂದು ಬರೆದು ಕೆಳಗಿನ ಸಾಲಿಗೆ ಹೋಗಿದ್ದಳು. ಮರೆತಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ಕೈ ನಿಂತಿತ್ತಲ್ಲ, ಅದು.

ರೇಡಿಯೊದವನು ಬಂದ, ಕಾಫಿ ಕುಡಿದ, ಆ ಪಾಸಿಯೊವನ್ನು ಹಾಕಿಸಿದ. ಎಲಿಯೆಸರ್ ಕಣ್ಣು ಮುಚ್ಚಿಕೊಂಡ. ಮೂರನೇ ಭಾಗ ಬಂತು, ಸ್ವರ ಏರಿತು, ನಿಂತಿತು. ಆ ಮೌನದೊಳಗೆ ಅಡುಗೆಮನೆಯಿಂದ ಪಟ್ ಎಂದು ಒಂದು ಸಣ್ಣ ಸದ್ದು. ಬ್ರಿಸೇಯಿದಾ ತಲೆಯೆತ್ತಿ ಬಾಗಿಲಿಂದಾಚೆ ನೋಡಿದಳು. ಅತ್ತೆ ಅರೇಪ ಮಗುಚಿದ್ದರು. ವಾದ್ಯ ಮತ್ತೆ ಎದ್ದಾಗ ಅವರ ತುಟಿಯೂ ಸಣ್ಣಗೆ ಅಲುಗತೊಡಗಿತು. ಇನ್ಯಾರೂ ಅತ್ತ ನೋಡಲಿಲ್ಲ.

ರೇಡಿಯೊದವನು ಹೋದಮೇಲೆ ಅತ್ತೆ ಕೈ ಒರೆಸಿಕೊಳ್ಳುತ್ತ ಬಂದರು. ಆಲ್ಬಮ್ಮಿನ ಪುಟ್ಟ ಪುಸ್ತಕವನ್ನು ಮೇಜಿನಿಂದ ತಡವಿ ತೆಗೆದು ಚಾಚಿದರು. ಆ ಊರಲ್ಲಿ ಮನೆಯ ಚಿಕ್ಕವರನ್ನೂ ಬಹುವಚನದಲ್ಲೇ ಮಾತಾಡಿಸುವುದು ರೂಢಿ.

"ಮಗಳೇ, ನನಗೆ ಅಕ್ಷರ ಕಾಣಲ್ಲ. ಇದರಲ್ಲಿ ನನ್ನ ಹೆಸರು ಎಲ್ಲಾದ್ರೂ ಇದೆಯಾ ನೋಡಿ."

ಇತ್ತು. ಕೊನೆಯ ಪುಟದಲ್ಲಿ, ಧ್ವನಿಮುದ್ರಣದ ಹುಡುಗರಿಗೂ ಕಾರು ಓಡಿಸಿದವನಿಗೂ ನಡುವೆ. ಬ್ರಿಸೇಯಿದಾ ಓದಿದಳು.

"ಅರೇಪಗಳಿಗಾಗಿ ನಮ್ಮ ತೆಯೊದೊಲಿಂದಾ ಅತ್ತೆಗೆ ಕೃತಜ್ಞತೆ ಅಂತಿದೆ."

"ಯಾರು ಬರೆದದ್ದು?"

"ನಾನೇ, ಅತ್ತೆ."

ಅತ್ತೆ ಪುಸ್ತಕವನ್ನು ವಾಪಸು ತೆಗೆದುಕೊಂಡರು.

"ಸರಿಯಾಗೇ ಬರೆದಿದ್ದೀರಿ. ಅರೇಪ ಮಾಡಿದ್ದು ಮಾತ್ರ ನಾನೇ, ಅದರಲ್ಲಿ ಸುಳ್ಳಿಲ್ಲ," ಎಂದರು. ಮುಖದಲ್ಲಿ ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. ಪುಸ್ತಕವನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಹಿಂದಿರುಗಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಬ್ರಿಸೇಯಿದಾ ಮತ್ತೆ ತಂತಿಗೆ ಕೂತಳು. ಒಂಬತ್ತು. ಹತ್ತು. ಬೆರಳಿಗೆ ತಂತಿ ಚುಚ್ಚಿ ರಕ್ತ ಬಂತು, ಸ್ಕರ್ಟಿಗೆ ಒರೆಸಿಕೊಂಡಳು.

ಎಲಿಯೆಸರ್ ಹೊಸ ಕೋಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದ. ಪ್ರಶಸ್ತಿ ಸಮಾರಂಭದವರು ರಚನೆ ಯಾರದೆಂಬ ಹೆಸರುಗಳ ಪಟ್ಟಿ ಕಳಿಸಿದ್ದಾರೆ, ತಿದ್ದುವುದಿದ್ದರೆ ಇವತ್ತೇ ಕೊನೆ ಎಂದು ಬೆಳಿಗ್ಗೆಯಿಂದ ಮೂರು ಸಲ ನೆನಪಿಸಿದ್ದ.

"ತಿದ್ದೋದು ಏನಿದೆ ತಂಗಿ? ಇದ್ದ ಹಾಗೇ ಕಳಿಸಿಬಿಡಿ. ಎಲ್ಲಾ ಅಪ್ಪನದೇ ಅಲ್ವಾ."

ಅವಳು ಅಣ್ಣನ ಬೆನ್ನನ್ನು ನೋಡಿದಳು. ಕೋಟಿನ ಭುಜ ಅಪ್ಪನದರ ಹಾಗೆಯೇ ಇಳಿಬಿದ್ದಿತ್ತು. ಆ ಒಂದು ಸಾಲು ಬದಲಾದರೆ ಅವನು ಹೇಳಿಕೊಂಡು ಬಂದ ಕತೆಯೆಲ್ಲ ಎಲ್ಲರ ಮುಂದೆ ಸುಳ್ಳಾಗುತ್ತದೆ. ಅವನು ಸುಳ್ಳುಗಾರನಲ್ಲ, ಪಾಪ, ಅವನಿಗೆ ತಿಳಿಯದು. ತಿಳಿದವಳು ಅವಳೊಬ್ಬಳೇ, ಬಾಯಿ ಬಿಡದವಳೂ ಅವಳೇ. ಅವನು ವರ್ಷಗಟ್ಟಲೆ ಮಾತು ಬಿಟ್ಟಾನು. ಅವನ ಬಾಂದೋಲದ ಪಕ್ಕದಲ್ಲಿ ತನ್ನ ತಿಪ್ಲೆ ಇನ್ನು ಇಲ್ಲದೆಯೂ ಹೋದೀತು.

ಹನ್ನೆರಡನೇ ತಂತಿಯನ್ನು ಬಿಗಿದು ಮೂರನ್ನೂ ಒಟ್ಟಿಗೆ ಮೀಟಿದಳು. ಶ್ರುತಿ ಸೇರಿತು.

ತಿಪ್ಲೆಯನ್ನು ಪೆಟ್ಟಿಗೆಯಲ್ಲಿಟ್ಟು ಮೇಜಿಗೆ ಬಂದು ಲ್ಯಾಪ್‌ಟಾಪ್ ತೆರೆದಳು. ಅಣ್ಣನನ್ನು ಕೇಳಿದರೆ ಬೇಡ ಎನ್ನುತ್ತಾನೆ. ಅತ್ತೆಯನ್ನು ಕೇಳಿದರೆ ಅವರೂ ಬೇಡ ಎನ್ನುತ್ತಾರೆ, ಇನ್ನೂ ಬೇಗ. ಯಾರನ್ನೂ ಕೇಳುವುದಿಲ್ಲ ಎಂದುಕೊಂಡಳು. ಪಟ್ಟಿಯ ಮೊದಲ ಸಾಲಿನಿಂದ ಅಪ್ಪನ ಹೆಸರನ್ನು ಒಂದೊಂದೇ ಅಕ್ಷರ ಅಳಿಸಿದಳು. ತೆಯೊದೊಲಿಂದಾ ಎಂದು ಬರೆಯಲು ಶುರುಮಾಡಿದಾಗ ಈ ಸಲ ಕೈ ನಿಲ್ಲಲಿಲ್ಲ.

"ಕಳಿಸಿದ್ರಾ?" ಕನ್ನಡಿಯ ಕಡೆಯಿಂದ ಅಣ್ಣ ಕೇಳಿದ.

"ಹೂಂ, ಕಳಿಸ್ತಾ ಇದ್ದೀನಿ," ಅಂದಳು.